ಮ್ಯಾಟಿನ ಕೆಳಗಿನ ಹಸಿ

ಹತ್ತಿಮತ್ತೂರಿನ ಹೊನ್ನವ್ವನ ಮೂಗಿಗೆ ಓಣಿಯಲ್ಲೆಲ್ಲ ಹೆಸರಿತ್ತು. ಹಾಲು ಒಡೆಯುವ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಗಂಡ ದ್ಯಾಮಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ತಿಂದು ಬಂದರೆ ಅವನು ಹೊಸ್ತಿಲು ದಾಟುವುದರೊಳಗೆ ಗೊತ್ತಾಗುತ್ತಿತ್ತು. ಹಿರಿಯ ಸೊಸೆ ರಂಜನಾ ಒಂದು ಚಮಚ ತುಪ್ಪ ಹೆಚ್ಚಿಗೆ ತನ್ನ ರೊಟ್ಟಿಗೆ ಸವರಿಕೊಂಡರೆ ಅದೂ ಗೊತ್ತಾಗುತ್ತಿತ್ತು. ಗೊತ್ತಾದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದೊಂದು ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ.

ಶಿವರಾತ್ರಿಗೆ ತಿಂಗಳ ಮೊದಲು ಬರುವ ಅವರಾತ್ರಿ ಅಮಾವಾಸ್ಯೆಯ ದಿನ ಮನೆಯ ಲಾರಿಗೆ ದೊಡ್ಡ ಪೂಜೆ. ಲಾರಿ ಎಂದರೆ ಇಪ್ಪತ್ತು ವರ್ಷ ದಾಟಿದ್ದು, ಮುಂದೆ ಮೂತಿ ಚಾಚಿದ ಹಳೆ ನಮೂನೆಯದು. ದ್ಯಾಮಪ್ಪ ಅದನ್ನು ಹದಿನೈದು ವರ್ಷ ಓಡಿಸಿ, ಮಂಡಿ ಹಿಡಿದುಕೊಂಡ ಮೇಲೆ ಕಿರಿಯ ಮಗ ಲೋಹಿತನ ಕೈಗೆ ಕೊಟ್ಟಿದ್ದ. ಹಿರಿಯ ಮಗ ಶರಣು ಶಿಗ್ಗಾಂವದಲ್ಲಿ ಬೀಜದ ಅಂಗಡಿ ಇಟ್ಟವನು, ದಿನಾ ಹೋಗಿ ಬಂದು ಮಾಡುತ್ತಿದ್ದ. ಲಾರಿಯ ಮಾತು ಬಂದರೆ ಅವನ ಬಾಯಲ್ಲಿ ಬರುತ್ತಿದ್ದದ್ದು ಗುಜರಿ ಎಂಬ ಒಂದೇ ಮಾತು.

ಆವತ್ತು ಕ್ಯಾಬಿನ್ನಿನ ಕಸ ತೆಗೆಯಲು ಹೊನ್ನವ್ವ ತಾನೇ ಹತ್ತಿದಳು. ಬೇರೆಯವರು ಗುಡಿಸಿದ್ದು ಅವಳ ಕಣ್ಣಿಗೆ ಗುಡಿಸಿದ ಹಾಗೆ ಕಾಣುತ್ತಿರಲಿಲ್ಲ. ಡ್ರೈವರನ ಕಡೆ ಎಲ್ಲ ನೆಟ್ಟಗಿತ್ತು. ಎಡಗಡೆಯ ರಬ್ಬರ್ ಮ್ಯಾಟು ಎತ್ತಿದಳು. ಮೇಲೆ ಧೂಳು, ಒಣಾ ಒಣ. ಕೆಳಗೆ ಹಾಸಿದ್ದ ಗೋಣಿತಟ್ಟು ಮಾತ್ರ ಹಿಂಡಿದರೆ ನೀರು ಸುರಿಯುವಷ್ಟು ತೊಯ್ದಿತ್ತು. ಕೊಳೆತ ವಾಸನೆ ರಪ್ಪೆಂದು ಮುಖಕ್ಕೆ ಹೊಡೆಯಿತು.

"ರಂಜನಾ, ಬಾ ಇಲ್ಲಿ. ಇದನ್ನ ಮೂಸು."

ರಂಜನಾ ಸೆರಗು ಮೂಗಿಗೆ ಹಿಡಿದು ಬಗ್ಗಿದಳು. "ಅಯ್ಯ, ಏನ್ರಿ ಅತ್ತಿ ಇದು? ಕೊಳತು ನಾರಾಕತ್ತೈತಿ."

"ಏನು ಕೊಳತೈತಿ ಹೇಳು."

"ನನಗೇನು ತಿಳೀತೈತ್ರಿ?"

"ಮೀನ. ಮೀನ ಐತಿದು."

"ನೀವು ಮೀನ ಯಾವಾಗ ಮೂಸೀರ್ರಿ ಅತ್ತಿ?"

ಪ್ರಶ್ನೆ ಸರಿಯಾಗಿಯೇ ಇತ್ತು. ಶಿವಪೂಜೆಯ ಮನೆಯಲ್ಲಿ ಹುಟ್ಟಿ ಶಿವಪೂಜೆಯ ಮನೆಗೆ ಬಂದ ಹೊನ್ನವ್ವ ಹುಟ್ಟಿದಾಗಿನಿಂದ ಮೀನಿನ ಹತ್ತಿರ ಸುಳಿದವಳಲ್ಲ. ಅದರ ವಾಸನೆ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ ವಾಸನೆ ಬಂದದ್ದರಿಂದಲೇ ಅದು ಮೀನೆಂದು ಅವಳಿಗೆ ಖಾತ್ರಿಯಾಯಿತು. ಹೋದ ವರ್ಷ ಇದೇ ಊರಿನ ರುದ್ರೇಶ ಹಾನಗಲ್ಲಿನ ಕೆರೆಗಳಿಂದ ಐಸಿನ ಡಬ್ಬಿಯಲ್ಲಿ ಮೀನು ತುಂಬಿಕೊಂಡು, ಭತ್ತದ ಬಾಡಿಗೆಯ ಜೊತೆಗೆ ಗುಟ್ಟಾಗಿ ಹುಬ್ಬಳ್ಳಿಗೆ ಒಯ್ಯುತ್ತಿದ್ದದ್ದು ಬಯಲಾಗಿ, ಅವನ ಮನೆಯವರು ಆರು ತಿಂಗಳು ತಲೆ ಎತ್ತಿ ಓಡಾಡಿರಲಿಲ್ಲ. ಲೋಹಿತನಿಗೂ ಹಾನಗಲ್ಲಿನ ಬಾಡಿಗೆ ವಾರಕ್ಕೆ ಎರಡು ಸಲ ಇತ್ತು. ಮಳೆ ಹೋಗಿ ಮೂರು ತಿಂಗಳಾಗಿತ್ತು. ಮತ್ತೆ ನೀರು ಎಲ್ಲಿಂದ ಬರಬೇಕು? ಕಾಲ ಬಳಿ ಐಸಿನ ಡಬ್ಬಿ ಇಟ್ಟರೆ ಬರುತ್ತದೆ. ಮೇಲೆ ಒರೆಸಿ, ಕೆಳಗೆ ಮರೆತರೆ ಹೀಗಾಗುತ್ತದೆ. ಹೊನ್ನವ್ವನ ತಲೆಯಲ್ಲಿ ಲೆಕ್ಕ ಕೂಡಿಬಿಟ್ಟಿತು.

ಇದು ಬರೀ ಮೀನಿನ ಮಾತಾಗಿದ್ದರೆ ಬೈದು ಮುಗಿಸುತ್ತಿದ್ದಳೋ ಏನೋ. ಶಿವರಾತ್ರಿ ಕಳೆದು ಐದನೆಯ ದಿನಕ್ಕೆ ಲೋಹಿತನ ನಿಶ್ಚಯ ಇಟ್ಟಿದ್ದರು. ಹುಡುಗಿ ಹಿರೇಕೆರೂರಿನ ಪರಮೇಶಪ್ಪನ ಮಗಳು ಶ್ವೇತಾ. ಲೋಹಿತನಿಗೆ ಮೂವತ್ತಾಗಿತ್ತು. ಲಾರಿ ಓಡಿಸುವವನೆಂದು ಅಲ್ಲಿಯವರೆಗೆ ಐದು ಕಡೆಯಿಂದ ಬೇಡವೆಂದು ಬಂದಿತ್ತು. ಒಬ್ಬರಂತೂ ಚಹಾ ಕುಡಿದು, ಅವಲಕ್ಕಿ ತಿಂದು, ಹುಡುಗನ ಅಂಗಳದಲ್ಲೇ ನಿಂತು 'ಗೌರ್ಮೆಂಟ್ ನೌಕರಿ ಇದ್ರ ಹೇಳ್ರಿ' ಎಂದು ಹೋಗಿದ್ದರು. ಶ್ವೇತಾ ಒಬ್ಬಳೇ ಲಾರಿಯ ಸುತ್ತ ಒಂದು ಸುತ್ತು ಹಾಕಿ ನೋಡಿ, 'ಇದನ್ನ ಓಡಸೋರಿಗೆ ತಾಳ್ಮಿ ಬೇಕು' ಎಂದು ನಕ್ಕು ಒಪ್ಪಿದ್ದಳು. ಈ ಹುಡುಗಿ ಕೈತಪ್ಪಿದರೆ ಲೋಹಿತ ಒಂಟಿಯಾಗಿಯೇ ಉಳಿಯುತ್ತಾನೆಂಬ ಭಯ ಹೊನ್ನವ್ವನಿಗೆ ಹಗಲೂ ಇತ್ತು, ನಿದ್ದೆಯಲ್ಲೂ ಇತ್ತು.

ಮರುದಿನದಿಂದ ಅವಳು ಪತ್ತೇದಾರಿಕೆಗೆ ಇಳಿದಳು. ಗೋಣಿತಟ್ಟು ಕಿತ್ತು ಒಗೆದು, ತಗಡು ಒರೆಸಿ, ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿದಳು. ಮಾರನೆಯ ಬೆಳಿಗ್ಗೆ ಲೋಹಿತ ಮುಖ ತೊಳೆಯುವಾಗ ಮ್ಯಾಟಿನ ಕೆಳಗೆ ಹಳೆಯ ಪೇಪರಿನ ನಾಲ್ಕು ಹಾಳೆ ಹಾಸಿ ಬಂದಳು. ಆಮೇಲೆ ಯಥಾಪ್ರಕಾರ ಲಾರಿಯ ಪೂಜೆ. ಎರಡು ವರ್ಷದ ಹಿಂದೆ ಬಂಕಾಪುರದ ಹತ್ತಿರ ಬ್ರೇಕು ಕೈಕೊಟ್ಟು ಲೋಹಿತ ಕೂದಲೆಳೆಯಲ್ಲಿ ಉಳಿದುಕೊಂಡಿದ್ದ. ಅಂದಿನಿಂದ ಅವಳು ಒಂದು ದಿನವೂ ತಪ್ಪಿಸಿದವಳಲ್ಲ. ಗಾಜಿನ ಮೇಲೆ ಒಂದು ತಂಬಿಗೆ ನೀರು, ಮೂತಿಗೆ ವಿಭೂತಿ, ಗಾಜಿನ ಬುಡದಲ್ಲಿ ಚೆಂಡುಹೂವು, ಬಿಲ್ವಪತ್ರಿ, ಎರಡು ಕಾಳು ಅಕ್ಕಿ, ಊದಿನಕಡ್ಡಿ. ನಿನ್ನೆಯ ಹೂವನ್ನು ತೆಗೆದು ತಿಪ್ಪೆಗೆ ಹಾಕುವುದು ಪಾಪವೆಂದು ಅವಳು ಮುಟ್ಟುತ್ತಿರಲಿಲ್ಲ. ಅದು ಎಲ್ಲಿಗೋ ತಾನೇ ಹೋಗುತ್ತಿತ್ತು.

ಪೂಜೆ ಮುಗಿಯಿತು. ಲೋಹಿತ ಕೈಮುಗಿದು ಹತ್ತಿ ಹೋದ. ಸಂಜೆ ಬಂದಾಗ ಹೊನ್ನವ್ವ ಮ್ಯಾಟು ಎತ್ತಿದಳು. ಪೇಪರು ತೊಯ್ದು ಮುದ್ದೆಯಾಗಿತ್ತು.

"ಮುಂಜಾನೆ ಒಣಗಿತ್ತು," ಎಂದು ಗಂಡನ ಮುಂದೆ ಹಾಕಿದಳು. "ನಾನ ಕೈಯಾರೆ ಹಾಸೇನಿ. ಹಾದ್ಯಾಗ ಏನರ ಆಗಿರಬೇಕು."

ದ್ಯಾಮಪ್ಪ ಪೇಪರನ್ನು ಬೆಳಕಿಗೆ ಹಿಡಿದ. "ಗಾಜಿನ ರಬ್ಬರ ಹೋಗಿರಬೇಕು ನೋಡು."

"ಗಾಜಿನ ರಬ್ಬರ ಹೋದ್ರ ಮಳಿ ಬರಬೇಕಲ್ರಿ ನೀರು ಇಳ್ಯಾಕ? ಎಲ್ಲೈತಿ ಮಳಿ?"

ಹದಿನೈದು ವರ್ಷ ಲಾರಿ ಓಡಿಸಿದ ಮನುಷ್ಯ ಪೇಪರಿನ ಮುದ್ದೆಯನ್ನು ಅಂಗಳಕ್ಕೆ ಒಗೆದ. ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದ ರಂಜನಾ ತಲೆ ಎತ್ತಿದಳು. "ಅತ್ತಿ, ನೀರು ಅಂದ್ರ ದಿನಾ ಮುಂಜಾನೆ ನೀವು..."

"ನೀ ನಡುವ ಬಾಯಿ ಹಾಕಬ್ಯಾಡ. ಜ್ವಾಳ ನೋಡು."

ರಂಜನಾ ಮೊರಕ್ಕೆ ತಲೆ ಬಗ್ಗಿಸಿದಳು. ಒಂಬತ್ತು ವರ್ಷದಿಂದ ಅವಳಿಗೆ ಅದು ರೂಢಿಯಾಗಿತ್ತು.

ಆ ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾಹಿಂಡಿ. ಲೋಹಿತ ಮೊದಲ ತುತ್ತು ಎತ್ತುವುದರೊಳಗೆ ಹೊನ್ನವ್ವ ಶುರು ಮಾಡಿದಳು.

"ಲೋಹ್ಯಾ, ಇವತ್ತ ಗಾಡ್ಯಾಗ ಏನು ಹಾಕ್ಕೊಂಡು ಹೋಗಿದ್ದಿ?"

"ಗೋವಿನಜ್ವಾಳ. ಹಿರೇಕೆರೂರಿಂದ."

"ಹಿಂದ ಅಲ್ಲ. ಮುಂದ, ನಿನ್ನ ಬಾಜೂಕ."

"ಮುಂದ ಯಾರಿರ್ತಾರ? ನಾ ಒಬ್ಬನ ಇರ್ತೇನಿ."

"ಯಾರು ಅಂತ ಕೇಳಿಲ್ಲ. ಏನು ಅಂತ ಕೇಳೇನಿ."

ಲೋಹಿತ ಅಣ್ಣನ ಮುಖ ನೋಡಿದ, ಅಪ್ಪನ ಮುಖ ನೋಡಿದ. "ಒಮ್ಮೊಮ್ಮೆ ಸವಣೂರ ವೀಳ್ಯದೆಲಿ ಬುಟ್ಟಿ ಇಡ್ತಿದ್ದೆ. ಎಲಿಗೆ ನೀರು ಹೊಡದಿರ್ತಾರ. ಅದೂ ದೀಪಾವಳಿಗೆ ಬಿಟ್ಟೇನಿ. ಯಾಕ?"

"ಎಲಿಗೆ ಮೀನಿನ ವಾಸನಿ ಬರತೈತೇನು?"

ತುತ್ತು ಕೈಯಲ್ಲೇ ನಿಂತಿತು. ಶರಣು ಮೊದಲು ನಕ್ಕ, ಆಮೇಲೆ ಅವ್ವನ ಮುಖ ಕಂಡು ಸುಮ್ಮನಾದ. "ಅದಕ ನಾ ಹೇಳೂದು, ಗುಜರಿಗೆ ಹಾಕ್ರಿ ಅಂತ," ಎಂದ.

"ಅವ್ವಾ, ನಾ ಮೀನ ಹೇರಿಲ್ಲ," ಲೋಹಿತ ಹೇಳಿದ. "ರುದ್ರೇಶ ಕರದಿದ್ದ. ನಾ ಒಲ್ಲೆ ಅಂದೇನಿ. ನೀರು ಎಲ್ಲಿಂದ ಬರತೈತೋ ನನಗೂ ಗೊತ್ತಿಲ್ಲ. ನಾನೂ ನೋಡೇನಿ."

"ನೋಡಿದ್ರ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಹಿಂಗ ಕೇಳ್ತಿ ಅಂತ."

ಅಷ್ಟು ಸಾಕಾಯಿತು. ಬಚ್ಚಿಟ್ಟಿದ್ದಾನೆ ಎಂದ ಮೇಲೆ ಬಚ್ಚಿಡುವಂಥದ್ದು ಏನೋ ಇದೆ ಎಂದು ಹೊನ್ನವ್ವ ತೀರ್ಮಾನಿಸಿದಳು. ಗಾಡಿಗೆ ಯಾರದೋ ಕಣ್ಣೂ ಬಿದ್ದಿರಬಹುದೆಂಬ ಇನ್ನೊಂದು ಹುಳ ಬೇರೆ ತಲೆಗೆ ಹೊಕ್ಕಿತು. ಮರುದಿನದಿಂದ ತಂಬಿಗೆಯ ಬದಲು ತುಂಬಿದ ಕೊಡವನ್ನೇ ಗಾಜಿನ ಮೇಲೆ ಸುರಿದಳು, ಹೂವನ್ನೂ ಇಮ್ಮಡಿ ಮಾಡಿದಳು. ಸಂಜೆ ನೋಡಿದರೆ ಮ್ಯಾಟಿನ ಕೆಳಗೆ ನೀರು ಮಡುಗಟ್ಟಿತ್ತು. ಹುಡುಗ ಹದ ಮೀರಿದ್ದಾನೆಂದು ಅವಳು ಅಂದುಕೊಂಡಳು.

ಒಂದು ಗುರುವಾರ ಅವಳೇ ಹಟ ಹಿಡಿದು ಹಾನಗಲ್ಲಿನ ಬಾಡಿಗೆಗೆ ಜೊತೆಗೆ ಹೊರಟಳು. ಕಾಲ ಬಳಿ ಬುತ್ತಿಯ ಗಂಟು ಇಟ್ಟುಕೊಂಡು, ಎಡಗಡೆ ಗಟ್ಟಿಯಾಗಿ ಕೂತಳು. ಅಕ್ಕಿ ಗಿರಣಿಯ ಮುಂದೆ ಭತ್ತದ ಚೀಲ ಇಳಿಸುವವರೆಗೂ ಅವಳು ಸೀಟು ಬಿಟ್ಟು ಏಳಲಿಲ್ಲ. ಮಧ್ಯಾಹ್ನ ಲೋಹಿತ ಬುತ್ತಿ ಬಿಚ್ಚಿ, ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ಮೊದಲು ಅವಳಿಗೆ ಕೊಟ್ಟ. ಅವಳಿಗೆ ಕರುಳು ಚುರುಕ್ಕೆಂದಿತು, ಆದರೂ ಕಣ್ಣು ಮಾತ್ರ ಗಿರಣಿಯ ಆಚೆಯ ಕೆರೆಯ ಮೇಲೇ ಇತ್ತು. ಯಾರೂ ಬರಲಿಲ್ಲ, ಯಾವ ಡಬ್ಬಿಯೂ ಬರಲಿಲ್ಲ. ಮನೆಗೆ ಬಂದು ಮ್ಯಾಟು ಎತ್ತಿದರೆ ಮತ್ತೆ ತೊಯ್ದಿತ್ತು.

ತಾನು ಕೂತಿದ್ದಾಗಲೂ ತೊಯ್ದಿದೆ ಎಂದ ಮೇಲೆ ಹುಡುಗನದು ತಪ್ಪಿಲ್ಲ ಎಂದು ಯಾರಾದರೂ ಅಂದುಕೊಳ್ಳುತ್ತಿದ್ದರು. ಹೊನ್ನವ್ವ ಅಂದುಕೊಳ್ಳಲಿಲ್ಲ. ನಿನ್ನೆಯದು ಒಸರಿರಬೇಕು, ಇಲ್ಲವೇ ನಾನು ಇಳಿದು ಕೈತೊಳೆಯಲು ಹೋದಾಗ ಏನೋ ಮಾಡಿರಬೇಕು ಎಂದುಕೊಂಡಳು. ಒಮ್ಮೆ ಅನುಮಾನ ಹಿಡಿದವರಿಗೆ ದಾರಿಗಳಿಗೇನು ಬರ. ಅವನ ಅಂಗಿಗಳನ್ನು ಒಗೆಯುವ ಮೊದಲು ಮೂಸಿದಳು. ಫೋನು ಬಂದರೆ ಬಾಗಿಲ ಹಿಂದೆ ನಿಂತಳು. ಅವನು ಊಟ ಕಡಿಮೆ ಮಾಡಿದ. ಕಡಿಮೆ ಉಂಡದ್ದಕ್ಕೂ ಅವಳು ಅರ್ಥ ಹಚ್ಚಿದಳು.

ಭಾರತ ಹುಣ್ಣಿಮೆ ಕಳೆದ ಮರುದಿನ ಅವಳು ಹಿರೇಕೆರೂರಿಗೆ ಫೋನು ಮಾಡಿದಳು. ಇಷ್ಟು ಮಾತ್ರ ಅವಳ ಪರವಾಗಿ ಹೇಳಲೇಬೇಕು: ಅವಳು ಅದನ್ನು ಕೆಡುಕು ಬಯಸಿ ಮಾಡಲಿಲ್ಲ. ಗುಟ್ಟು ಮಾಡಿ ಮದುವೆ ಮಾಡಿದರೆ ಪರರ ಹೆಣ್ಣುಮಗಳ ಕಣ್ಣೀರು ತನ್ನ ಮನೆಗೆ ತಟ್ಟುತ್ತದೆ ಎಂಬ ಹೆದರಿಕೆ ಅವಳದು.

"ಪರಮೇಶಪ್ಪಾರ, ನಿಶ್ಚಯ ಸ್ವಲ್ಪ ಮುಂದ ಹಾಕೂಣ್ರಿ."

"ಯಾಕ್ರಿ ಯವ್ವಾ? ಏನಾತ್ರಿ?"

"ಹುಡುಗನ ಕಡೆ ಒಂದು ಮಾತು ಐತ್ರಿ. ನಾ ಬಗೀಹರಸ್ಕೊಂಡು ಹೇಳ್ತೇನಿ."

ಹುಡುಗನ ಕಡೆ ಒಂದು ಮಾತು ಐತಿ ಎಂದರೆ ಹಿರೇಕೆರೂರಿನವರು ಮೀನೆಂದು ತಿಳಿಯುತ್ತಾರೆಯೇ? ಕುಡಿತ ಎಂದರು ಒಬ್ಬರು, ಎಲ್ಲೋ ಇನ್ನೊಂದು ಸಂಸಾರ ಇದೆ ಎಂದರು ಇನ್ನೊಬ್ಬರು. ಮೂರನೆಯ ದಿನ ಗೋವಿನಜೋಳ ತುಂಬಲು ಹೋದ ಲೋಹಿತನಿಗೆ ಹಮಾಲರೇ ಕೇಳಿದರು.

ಅವನು ಮನೆಗೆ ಬಂದವನು ಚಪ್ಪಲಿಯನ್ನೂ ಬಿಡಲಿಲ್ಲ. "ಅವ್ವಾ, ನೀ ಫೋನ್ ಮಾಡಿದ್ಯಾ?"

"ಮಾಡೇನಿ."

"ಏನಂತ ಹೇಳಿದಿ?"

"ಏನೂ ಹೇಳಿಲ್ಲ. ತಡೀರಿ ಅಂದೇನಿ ಅಷ್ಟ."

"ಮೀನ ಅಂದಿದ್ರೂ ಚೊಲೊ ಇತ್ತಲ್ಲಬೇ! ಈಗ ಬಾಯಿಗೆ ಬಂದದ್ದು ಅನ್ನಾಕತ್ತಾರ." ಅವನ ದನಿ ಒಡೆಯಿತು. ಅವನು ಅತ್ತದ್ದನ್ನು ಹೊನ್ನವ್ವ ಬಂಕಾಪುರದ ಆ ದಿನವೂ ಕಂಡಿರಲಿಲ್ಲ. "ನಾಳೆ ನನ್ನ ಜೋಡಿ ಸವಣೂರಿಗೆ ಬಾ. ಗ್ಯಾರೇಜಿನ ಖಾದರಸಾಬರ ಕಡೆ ಗಾಡಿ ಬಿಡ್ತೇನಿ. ನಿನ್ನ ಕಣ್ಣ ಮುಂದ ಬಿಚ್ಚಸ್ತೇನಿ. ಮೀನಿನ ಒಂದು ಮುಳ್ಳು ಸಿಕ್ಕರೂ ನಾ ಸ್ಟೇರಿಂಗ್ ಮುಟ್ಟೂದಿಲ್ಲ."

"ಹೋಗಿ ಬಾ," ಎಂದ ದ್ಯಾಮಪ್ಪ ಹೆಂಡತಿಗೆ. ಮದುವೆಯಾದಾಗಿನಿಂದ ಅವನು ಅವಳಿಗೆ ಅಷ್ಟು ಗಡುಸಾಗಿ ಮಾತಾಡಿದ್ದು ಎರಡನೆಯದೋ ಮೂರನೆಯದೋ ಸಲ.

ಖಾದರಸಾಬನ ಗ್ಯಾರೇಜು ಸವಣೂರಿನ ಬಸ್‌ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ. ದ್ಯಾಮಪ್ಪನ ಕಾಲದಿಂದ ಆ ಲಾರಿಯ ಪ್ರತಿ ಬೋಲ್ಟೂ ಅವನಿಗೆ ಪರಿಚಯ. ಹೊನ್ನವ್ವನಿಗೆ ಸ್ಟೂಲು ಹಾಕಿಸಿ, "ಕುಂದರ್ರಿ ಯವ್ವಾರ," ಎಂದು ಕೆಲಸಕ್ಕೆ ಇಳಿದ. ಮ್ಯಾಟು ತೆಗೆದ, ತಗಡು ಒರೆಸಿದ, ಒಣ ಬಟ್ಟೆ ಹಾಸಿದ. ಆಮೇಲೆ ಮಗ್ಗಿನಲ್ಲಿ ನೀರು ಹಿಡಿದು ಒಂದೊಂದು ಕಡೆಯೂ ಸುರಿಯುತ್ತ ಬಂದ. ಬಾಗಿಲ ಸಂದಿಗೆ ಸುರಿದ, ಬಟ್ಟೆ ಒಣಗಿತ್ತು. ಟಾಪಿನ ಮೇಲೆ ಸುರಿದ, ಒಣಗಿತ್ತು. ಗಾಜಿನ ರಬ್ಬರಿನ ಸುತ್ತ ತೆಳುವಾಗಿ ಸುರಿದ, ಆಗಲೂ ಒಣಗಿತ್ತು. ಹೊನ್ನವ್ವ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ಪ್ರತಿ ಸಲ ಬಟ್ಟೆ ಒಣಗಿದ್ದಾಗಲೂ ಅವಳಿಗೆ ತಾನು ಗೆದ್ದಂತೆಯೂ ಮಗ ಮುಳುಗಿದಂತೆಯೂ ಅನಿಸುತ್ತಿತ್ತು.

"ಚಹಾ ತರ್ತೇನಿ," ಎಂದು ಲೋಹಿತ ಎದ್ದು ಹೋದ. ಅವನಿಗೆ ನೋಡುವುದಾಗಲಿಲ್ಲ.

ಖಾದರಸಾಬ ಗಾಜಿನ ಬುಡದಲ್ಲಿ, ಮೂತಿ ಶುರುವಾಗುವ ಕಡೆ ಇದ್ದ ಗಾಳಿಯ ಜಾಲರಿಯ ಮೇಲೆ ನೀರು ಸುರಿದ. ಒಂದು ಮಗ್ಗು, ಎರಡು ಮಗ್ಗು. ಮೂರನೆಯದಕ್ಕೆ ಕ್ಯಾಬಿನ್ನಿನ ಒಳಗೆ ಎಡಗಡೆ ತೊಟಕ್ ತೊಟಕ್ ಎಂದಿತು. ಬಟ್ಟೆಯ ಮೇಲೆ ಕಂದು ನೀರು ಹರಡಿತು.

"ಸಿಕ್ತು ಕಳ್ಳ," ಎಂದ.

ಸ್ಕ್ರೂ ಬಿಚ್ಚಿ ಜಾಲರಿ ಎತ್ತಿದ. ಅದರ ಕೆಳಗೆ ಮಳೆನೀರು ಹೊರಗೆ ಹರಿಯಲು ಒಂದು ತಗಡಿನ ಕಾಲುವೆ, ಅದರ ಎಡತುದಿಗೆ ಹೆಬ್ಬೆರಳಿನಷ್ಟು ತೂತು. ಆ ತೂತು ಕಾಣುತ್ತಲೇ ಇರಲಿಲ್ಲ. ಅವನು ಕೈ ಹಾಕಿ ಎಳೆದ. ಕಪ್ಪಗೆ ಕೊಳೆತ ಮುದ್ದೆ ಬಂತು, ಅದೇ ವಾಸನೆ ಬಂತು. ಎರಡನೆಯ ಹಿಡಿಯಲ್ಲಿ ಅರ್ಧ ಕೊಳೆತ ಚೆಂಡುಹೂವು, ಬಿಲ್ವಪತ್ರಿಯ ಕಡ್ಡಿ. ಮೂರನೆಯದರಲ್ಲಿ ಸುಣ್ಣದಂತೆ ಗಟ್ಟಿಯಾದ ವಿಭೂತಿ, ಕೊಳೆತು ಉಬ್ಬಿದ ಅಕ್ಕಿಕಾಳು, ನಿನ್ನೆಯ ಹಸಿ ಹಳದಿ ಎಸಳು.

"ಎರಡು ವರ್ಷದ್ದು ಐತ್ರಿ ಇಲ್ಲಿ," ಎಂದ ಖಾದರಸಾಬ. "ತೂತು ಮುಚ್ಚಿ, ನೀರು ಒಳಗ ದಾರಿ ಮಾಡ್ಕೊಂಡೈತಿ. ತಗಡೂ ಕೊರದೈತಿ, ಬೆಸಿಗಿ ಹಾಕಬೇಕು. ದಿನಾ ಯಾರೋ ಭಾಳ ನೀರು ಹಾಕ್ಯಾರ."

ಪ್ರತಿದಿನ ಬೆಳಿಗ್ಗೆ ಪೇಪರು ಹಾಸಿ, ಆಮೇಲೆ ತಾನೇ ನೀರು ಸುರಿದು, ಸಂಜೆ ಮಗನ ಮೇಲೆ ಗೂಬೆ ಕೂರಿಸಿದ್ದು ಒಂದೊಂದಾಗಿ ಹೊನ್ನವ್ವನ ಕಣ್ಣ ಮುಂದೆ ಬಂತು. ಅಂದು ರಂಜನಾ ಜೋಳದ ಮೊರದಿಂದ ತಲೆ ಎತ್ತಿ ಏನು ಹೇಳಲು ಹೊರಟಿದ್ದಳು ಎಂಬುದೂ ಈಗ ತಿಳಿಯಿತು. ರಸ್ತೆಯ ಕಡೆ ನೋಡಿದಳು. ಲೋಹಿತ ಇನ್ನೂ ಚಹಾದ ಅಂಗಡಿಯ ಮುಂದೆ ನಿಂತಿದ್ದ.

"ಖಾದರಸಾಬ," ಎಂದಳು ದನಿ ತಗ್ಗಿಸಿ. "ತುಕ್ಕು ಹಿಡಿದಿತ್ತು ಅಂದುಬಿಡಪ. ಹೂವಿನ ಮಾತು ಬ್ಯಾಡ."

ಖಾದರಸಾಬ ಕೈಯ ಕೊಳೆಯನ್ನು ಪೇಪರಿಗೆ ಒರೆಸಿಕೊಂಡ. "ಅನ್ನಬಹುದ್ರಿ ಯವ್ವಾರ. ತುಕ್ಕೂ ಸುಳ್ಳಲ್ಲ. ಆದ್ರ ಹಿರೇಕೆರೂರಾಗ ತುಕ್ಕು ಅಂದ್ರ ನಂಬ್ತಾರೇನ್ರಿ? ಹುಡುಗ ನಿನ್ನೆ ಫೋನಿನ್ಯಾಗ ನನ್ನ ಮುಂದ ಭಾಳ ಅತ್ತಾನ."

ಲೋಹಿತ ಚಹಾ ತಂದ. ಹೊನ್ನವ್ವ ಲೋಟ ಹಿಡಿಯಲಿಲ್ಲ.

"ಲೋಹ್ಯಾ, ನೋಡಿಲ್ಲಿ. ಇದು ನನ್ನ ಹೂವು. ನಾ ಹಾಕಿದ ನೀರು. ನೀ ಏನೂ ಮಾಡಿಲ್ಲ."

ಅವನು ಆ ಮುದ್ದೆಯನ್ನು ನೋಡಿದ, ಅವ್ವನನ್ನು ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತು. "ಚಾ ಆರತೈತಿ, ಕುಡಿ," ಎಂದಷ್ಟೇ ಹೇಳಿ ಗಾಡಿಯ ಆಚೆ ಹೋಗಿ ನಿಂತ.

ಮರುದಿನ ಹೊನ್ನವ್ವ ಯಾರನ್ನೂ ಜೊತೆಗೆ ಕರೆಯದೆ ಹಾವೇರಿಗೆ ಹೋಗಿ ಹಿರೇಕೆರೂರಿನ ಬಸ್ಸು ಹಿಡಿದಳು. ಕೈಚೀಲದಲ್ಲಿ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಆ ಕೊಳೆತ ಮುದ್ದೆ ಇತ್ತು. ಪಕ್ಕದಲ್ಲಿ ಕೂತ ಹೆಂಗಸು ಮೂಗು ಮುರಿದು ಬೇರೆ ಸೀಟಿಗೆ ಹೋದಳು. ಹೋಗಲಿ ಎಂದುಕೊಂಡು ಹೊನ್ನವ್ವ ಕಿಟಕಿಯ ಕಡೆ ತಿರುಗಿದಳು.

ಪರಮೇಶಪ್ಪನ ಮನೆಯ ಪಡಸಾಲೆಯಲ್ಲಿಯೇ ಶ್ವೇತಾಳ ಹೊಲಿಗೆ ಮಶಿನ್ನು. ನಾಲ್ಕು ಜಂಪರು ತೂಗುತ್ತಿದ್ದವು. ನೀರು ಕೊಟ್ಟರು, ಬೆಲ್ಲ ಕೊಟ್ಟರು, ಆದರೆ ಮುಖ ಗಂಟಿಕ್ಕಿದ್ದನ್ನು ಬಿಡಲಿಲ್ಲ. ಹೊನ್ನವ್ವ ಹಾಳೆ ಬಿಚ್ಚಿ ನೆಲದ ಮೇಲಿಟ್ಟಳು. ಒಂದನ್ನೂ ಮುಚ್ಚಿಡದೆ ಹೇಳಿದಳು. ಮೀನೆಂದು ಅಂದುಕೊಂಡದ್ದು, ಪೇಪರು ಹಾಸಿದ್ದು, ಕೊಡದ ನೀರು ಸುರಿದದ್ದು, ಮಗನ ಅಂಗಿ ಮೂಸಿದ್ದು, ಖಾದರಸಾಬನ ಮುಂದೆ ತುಕ್ಕು ಅನ್ನು ಎಂದದ್ದೂ ಸೇರಿ. ಅರ್ಧದಲ್ಲಿ ಪರಮೇಶಪ್ಪನಿಗೆ ನಗು ಬಂದು ಟವೆಲು ಬಾಯಿಗೆ ಹಿಡಿದ. ಶ್ವೇತಾ ನಗಲಿಲ್ಲ. ಮಶಿನ್ನಿನ ಮುಂದಿನಿಂದ ಎದ್ದು ಬಂದು ಹೊನ್ನವ್ವನ ಎದುರಿಗೆ ಕೂತಳು.

"ನೀವು ಇಷ್ಟು ದೂರ ಬಂದು ಹೇಳಿದ್ದು ದೊಡ್ಡ ಮಾತ್ರಿ," ಎಂದಳು. "ಒಂದು ಕೇಳ್ಲೇನ್ರಿ?"

"ಕೇಳವ್ವ."

"ನೀವು ಅವರನ್ನ ಕೇಳಿದ್ರಿ. ಅವರು ಇಲ್ಲ ಅಂದ್ರು. ನೀವು ಯಾಕ ನಂಬಲಿಲ್ರಿ?"

ಹೊನ್ನವ್ವ ನೆಲದ ಮೇಲಿನ ಹಾಳೆಯ ಅಂಚನ್ನು ಮಡಚಿದಳು.

"ಅವರು ನಿಮ್ಮ ಹೊಟ್ಟ್ಯಾಗ ಹುಟ್ಟಿದವರು. ಮೂವತ್ತು ವರ್ಷ ನೋಡೀರಿ. ಅವರ ಮಾತು ನಡೀಲಿಲ್ಲ. ನಾ ನಾಳೆ ಬರೂಕಿ. ನಾ ಇಲ್ಲ ಅಂದ್ರ ನೀವು ನಂಬ್ತೀರೇನ್ರಿ?"

"ಶ್ವೇತಾ, ಸಾಕು," ಎಂದ ಪರಮೇಶಪ್ಪ.

"ಇಲ್ರಿ, ಮಾತಾಡ್ಲಿ ಬಿಡ್ರಿ," ಎಂದಳು ಹೊನ್ನವ್ವ.

"ನಿಮ್ಮ ಮಗನ ಮ್ಯಾಲೆ ನನಗ ಏನೂ ಅನುಮಾನ ಇಲ್ರಿ. ನಾ ಅವರನ್ನ ಮದುವಿ ಆಗ್ತೇನಿ. ಆದ್ರ ನಿಮ್ಮ ಮನ್ಯಾಗ ಇರೂದು ನನಗಾಗೂದಿಲ್ರಿ. ಸವಣೂರಾಗ ಸಣ್ಣದೊಂದು ಮನಿ ಮಾಡ್ರಿ. ಗಾಡಿ ಅಲ್ಲೇ ನಿಂದರಲಿ, ನನ್ನ ಮಶಿನ್ನೂ ಅಲ್ಲೇ ನಡೀತೈತಿ. ಹಬ್ಬಕ್ಕ ಬರ್ತೇವಿ, ನೀವೂ ಬರ್ರಿ. ನಾ ನಿಮ್ಮನ್ನ ಬ್ಯಾಡ ಅನ್ನೂದಿಲ್ಲ."

ಬೇರೆ ಯಾರಾದರೂ ಇದನ್ನು ಹೇಳಿದ್ದರೆ ಹೊನ್ನವ್ವ ಚೀಲ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. ಮನೆ ಒಡೆಯುವ ಹುಡುಗಿ ಎಂದು ಹತ್ತೂರಲ್ಲಿ ಸಾರುತ್ತಿದ್ದಳು. ಈಗ ನೆಲದ ಮೇಲಿನ ಮುದ್ದೆಯನ್ನು ಮತ್ತೆ ಹಾಳೆಯಲ್ಲಿ ಸುತ್ತಿದಳು, ಗಂಟು ಹಾಕಿದಳು, ಬಿಚ್ಚಿ ಇನ್ನೊಮ್ಮೆ ಹಾಕಿದಳು. ಹುಡುಗಿ ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ.

"ನಿಶ್ಚಯ ಅದ ದಿನ ಇರಲಿ," ಎಂದು ಎದ್ದಳು.

ಸಂಜೆ ಮನೆ ಮುಟ್ಟಿದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ರಂಜನಾ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಲೋಹಿತ ತಲೆ ಎತ್ತಿ ನೋಡಿ ಮತ್ತೆ ತಾಟಿಗೆ ಬಗ್ಗಿದ. ಹೊನ್ನವ್ವ ಕಾಲು ತೊಳೆದು ಬಂದು, ಕೂರದೆ, ಕಂಬ ಹಿಡಿದು ನಿಂತಳು.

"ಲೋಹ್ಯಾ, ನಾಳೆ ಸವಣೂರಾಗ ಒಂದು ಬಾಡಿಗಿ ಮನಿ ನೋಡು."

ಲೋಹಿತ ರೊಟ್ಟಿ ಕೆಳಗಿಟ್ಟ. "ಈಗ ಮತ್ತೇನು ಅನುಮಾನ ಅವ್ವಾ? ಗಾಡಿ ಒಣಗೈತಿ, ನೀನ ಕಣ್ಣಾರೆ ನೋಡೀದಿ. ಇನ್ನೂ ಮನಿ ಬಿಟ್ಟು ಹೊರಗ ಹಾಕ್ತಿಯೇನು?"

"ಏನು ಹಚ್ಚೀದಿ ನೀ?" ದ್ಯಾಮಪ್ಪ ಗದರಿದ. "ಹಿರೇಕೆರೂರಿಗೆ ಹೋಗಿ ಏನು ಮಾಡಿ ಬಂದಿ?"

"ಅಂತೂ ಮನಿ ಒಡದಿ," ಎಂದ ಶರಣು.

ಇಷ್ಟು ದಿನ ಅವಳು ಮಗನನ್ನು ನೋಡುತ್ತಿದ್ದ ಅನುಮಾನದ ಕಣ್ಣಿನಲ್ಲಿ ಈಗ ಮೂವರೂ ಅವಳನ್ನು ನೋಡುತ್ತಿದ್ದರು. ಹೊನ್ನವ್ವ ಲೋಹಿತನ ಕಡೆ ತಿರುಗಿದಳು.

"ಹುಡುಗಿ ನಿನ್ನ ಒಪ್ಪ್ಯಾಳಪ. ನನ್ನ ಒಪ್ಪಿಲ್ಲ. ನನ್ನ ಜೋಡಿ ಒಂದು ಮನ್ಯಾಗ ಇರೂದು ಆಗೂದಿಲ್ಲ ಅಂದ್ಳು. ಬ್ಯಾರೆ ಮನಿ ಕೇಳಿದ್ಳು. ನಾ ಹೂಂ ಅಂದು ಬಂದೇನಿ."

ದ್ಯಾಮಪ್ಪ ತಾಟಿನಲ್ಲೇ ಕೈ ಇಟ್ಟುಕೊಂಡು ಕೂತ. ಲೋಹಿತನ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷ. ಅದನ್ನು ಅವ್ವ ಕಂಡಳೆಂದು ಗೊತ್ತಾಗಿ ಅವನು ಮುಖ ತಿರುಗಿಸಿದ. ಹೊನ್ನವ್ವ ಕಂಡಿದ್ದಳು. ಅದು ನೋಯಿಸಿದರೂ ಮಗನ ಮುಖ ಅರಳಿದ್ದಕ್ಕೆ ಅವಳಿಗೆ ಸಮಾಧಾನವೂ ಆಯಿತು.

ಒಲೆಯ ಕಡೆಯಿಂದ ರೊಟ್ಟಿ ಬಡಿಯುವ ಸಪ್ಪಳ ನಿಂತಿತ್ತು. ರಂಜನಾ ಹಿಟ್ಟು ಹತ್ತಿದ ಕೈಯಲ್ಲೇ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು, ಅವಳು ತಿರುಗಿ ನೋಡಲಿಲ್ಲ.

"ಅತ್ತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. "ಬ್ಯಾರೆ ಮನಿ ಹಂಗ ನಾನೂ ಕೇಳಬಹುದಿತ್ತೇನ್ರಿ?"

ಶರಣು ಹೆಂಡತಿಯನ್ನು ಮೊದಲ ಸಲ ನೋಡುವವನಂತೆ ನೋಡಿದ. ಹೊನ್ನವ್ವ ಕಂಬ ಬಿಟ್ಟು ಒಳಗೆ ಹೋಗಿ, ಸೀದ ರೊಟ್ಟಿಯನ್ನು ತೆಗೆದಿಟ್ಟು, ಒಂದು ತಾಟಿಗೆ ಬಿಸಿ ರೊಟ್ಟಿ ಹಾಕಿ ತಂದಳು.

"ಕುಂದ್ರವ್ವ, ಮೊದಲ ನೀ ಉಣ್ಣು. ಉಳಿದದ್ದು ನಾ ಬಡೀತೇನಿ."

ರಂಜನಾ ತಾಟು ತೆಗೆದುಕೊಳ್ಳಲಿಲ್ಲ. ಕೇಳಿದ ಮಾತಿಗೆ ಉತ್ತರ ಬರಲಿ ಎಂದು ಬಾಗಿಲಲ್ಲೇ ನಿಂತಳು.